ಕಲ್ಲಾರಿನಿಂದ ಮೇಲೇರುವ ಹಲ್ಲುಹಳಿ

ಊಟಿಗೆ ಹೋಗುವ ಕನ್ನಡಿಗರಲ್ಲಿ ಬಹುಪಾಲು ಮಂದಿ ಬಂಡೀಪುರದ ದಾರಿಯಾಗಿ ಬೆಟ್ಟ ಹತ್ತುತ್ತಾರೆ. ಊಟಿಯಿಂದ ಕೂನೂರಿನವರೆಗೆ ‘ಟಾಯ್ ಟ್ರೈನ್’ ಹತ್ತಿ ಹೋಗಿಬಂದರೆ ನೀಲಗಿರಿ ರೈಲನ್ನು ನೋಡಿದಂತಾಯಿತು ಎಂದುಕೊಳ್ಳುತ್ತಾರೆ. ಕೇತಿ ಕಣಿವೆ, ಬಡಗರ ಹಟ್ಟಿಗಳು, ಚಹಾ ತೋಟಗಳನ್ನು ತೋರಿಸುವ ಆ ದಾರಿ ಚೆಂದವೇ. ಆದರೆ ಅಲ್ಲಿ ಓಡುವುದು ಡೀಸೆಲ್ ಎಂಜಿನ್, ಹಾಸಿರುವುದು ಮಾಮೂಲಿ ಹಳಿ. ಈ ಮಾರ್ಗದ ನಿಜವಾದ ಸಾಹಸ ಇರುವುದು ಕೂನೂರಿನ ಕೆಳಗೆ.

ಬೆಟ್ಟದ ಬುಡದ ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಗಾಡಿ 326 ಮೀಟರ್ ಎತ್ತರದಿಂದ ಹೊರಟು 2,203 ಮೀಟರ್ ತಲುಪುತ್ತದೆ. ಕಲ್ಲಾರ್ ದಾಟುತ್ತಲೇ ಬೆಟ್ಟ ಎದುರು ನಿಲ್ಲುತ್ತದೆ. 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಇಲ್ಲಿ ಜಾರದೆ ಹತ್ತಲಾರದು. ಅದಕ್ಕೆಂದೇ ಹಳಿಗಳ ನಡುವೆ ಏಣಿಯಂತೆ ಹಲ್ಲಿನ ಜೋಡಿ ಪಟ್ಟಿ ಹಾಸಿದ್ದಾರೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಒಂದು ಪಟ್ಟಿಯ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವಂತೆ ಜೋಡಿಸಿರುವುದರಿಂದ ಹಿಡಿತ ಯಾವ ಗಳಿಗೆಯಲ್ಲೂ ತಪ್ಪುವುದಿಲ್ಲ. ಇದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಪದ್ಧತಿ.

ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದ ‘ಎಕ್ಸ್’ ವರ್ಗದ ಉಗಿ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಗಾಲಿಗಳನ್ನು ತಿರುಗಿಸುತ್ತವೆ. ಅಲ್ಲಿ ಒಮ್ಮೆ ದುಡಿದ ಉಗಿಯೇ ಉಳಿದೆರಡಕ್ಕೆ ಹೋಗಿ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಏರುವಾಗ ಎಂಜಿನ್ ಹಿಂದೆ ನಿಂತು ಬೋಗಿಗಳನ್ನು ತಳ್ಳುತ್ತದೆ. ಪ್ರತಿ ಬೋಗಿಯಲ್ಲೂ ಒಬ್ಬ ಬ್ರೇಕ್ಸ್‌ಮನ್ ಇರುತ್ತಾರೆ. ಸೀಟಿಯ ಸದ್ದಿಗೆ, ಬಾವುಟದ ಸನ್ನೆಗೆ ಅವರ ಕೈ ಬ್ರೇಕಿನ ಮೇಲೆ ಹೋಗುತ್ತದೆ. ಪ್ರಯಾಣಿಕರ ಜೀವ ಇಂದಿಗೂ ಇವರ ಕಣ್ಣು, ಕಿವಿ, ಕೈಗಳನ್ನು ನಂಬಿಕೊಂಡಿದೆ.

ಇಂಥ ರೈಲು ಬೇಕೆಂಬ ಮಾತು ಹುಟ್ಟಿದ್ದು 1854ರಲ್ಲಿ. ಕೆಲಸ ಶುರುವಾದದ್ದು 1891ರಲ್ಲಿ. ಮೊದಲು ಕೈಹಾಕಿದ ಕಂಪನಿ ಹಣವಿಲ್ಲದೆ ಮುಚ್ಚಿಹೋಯಿತು. ಹೊಸ ಕಂಪನಿ ಬಂದು 1899ರ ಜೂನ್‌ನಲ್ಲಿ ಗಾಡಿಯನ್ನು ಕೂನೂರಿಗೆ ಮುಟ್ಟಿಸಿತು. ಊಟಿ ತಲುಪಲು 1908ರವರೆಗೆ ಕಾಯಬೇಕಾಯಿತು. 16 ಸುರಂಗ, 250 ಸೇತುವೆ, 208 ತಿರುವುಗಳ ಈ ಮಾರ್ಗದ ಹಿಂದೆ ಬಂಡೆ ಒಡೆದು, ಕಮರಿಗಳ ಮೇಲೆ ಸೇತುವೆ ನಿಲ್ಲಿಸಿದ ಕೂಲಿಕಾರರಿದ್ದಾರೆ. ಅವರ ಹೆಸರುಗಳು ಯಾವ ನಿಲ್ದಾಣದ ಫಲಕದ ಮೇಲೂ ದೊಡ್ಡದಾಗಿ ಕಾಣುವುದಿಲ್ಲ.

2005ರಲ್ಲಿ ಯುನೆಸ್ಕೊ ಇದನ್ನು, ಆಗಲೇ ಪಟ್ಟಿಯಲ್ಲಿದ್ದ ಡಾರ್ಜಿಲಿಂಗ್ ರೈಲಿನ ಜೊತೆಗೆ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಹಿಂಗಾರು ಜೋರಾದಾಗ ಗುಡ್ಡ ಕುಸಿದು ಹಳಿ ಮುಚ್ಚುತ್ತದೆ, ಕೆಲಸಗಾರರು ಮತ್ತೆ ತೆರವು ಮಾಡುತ್ತಾರೆ. ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದ ಕುಶಲಕರ್ಮಿಗಳು ಇದೇ ಮಾರ್ಗಕ್ಕಾಗಿ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿಕೊಟ್ಟಿದ್ದಾರೆ. ವಿಂಟರ್‌ಥೂರ್‌ನಿಂದ ಬಂದ ವಿದ್ಯೆ ಇಲ್ಲಿಯವರ ಕೈಗೆ ಒಗ್ಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದಿನ ಸಲ ಊಟಿಗೆ ಹೊರಟರೆ ಕೊಯಮತ್ತೂರಿನ ಕಡೆಯಿಂದ ಮೆಟ್ಟುಪಾಳ್ಯಂಗೆ ಹೋಗಿ ಈ ರೈಲು ಹತ್ತಿ. ಸೀಟುಗಳು ಕಡಿಮೆ, ಮುಂಗಡವಾಗಿ ಕಾಯ್ದಿರಿಸಿ. ಬೆಳಗಿನ ಗಾಡಿ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಊಟಿ. ದಾರಿಯಲ್ಲಿ ಎಂಜಿನ್ ನೀರು ತುಂಬಿಕೊಳ್ಳಲು ನಿಂತಾಗ ಇಳಿದು, ಆ ಹಲ್ಲುಹಳಿಯನ್ನೂ ಬ್ರೇಕ್ಸ್‌ಮನ್‌ಗಳನ್ನೂ ಮಕ್ಕಳಿಗೆ ತೋರಿಸಿ.