ಹುಳುಮನೆ ಹಿಂದಿನ ಹುತ್ತ

ನಾಲ್ಕನೇ ಜ್ವರ ಎದ್ದ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳಿದ್ದೀರಾ? ಸಣ್ಣ ಮಳೆ ಬಿದ್ದ ಹಾಗಿರುತ್ತದೆ. ಕಳೆದ ಏಪ್ರಿಲ್‌ನಲ್ಲಿ ಶಿಡ್ಲಘಟ್ಟದ ಬಳಿಯ ನಮ್ಮ ಹುಳುಮನೆಯಲ್ಲಿ ಆ ಸದ್ದು ಮೂರೇ ದಿನಕ್ಕೆ ನಿಂತುಹೋಯಿತು. ಸಪ್ಪೆ ರೋಗ. ಮೇಲೆ ಸಿಮೆಂಟ್ ಶೀಟು, ಒಳಗೆ 34 ಡಿಗ್ರಿ. ಕೊನೆಯ ಹಂತದ ಹುಳುವಿಗೆ ಬೇಕಾದ್ದು 24ರ ಆಸುಪಾಸು. 200 ಮೊಟ್ಟೆಯ ಬೆಳೆಯನ್ನು ಗುಂಡಿಗೆ ಹಾಕಿ, ಸುಣ್ಣ ಸುರಿದು ಬಂದ ಅಪ್ಪ ಅಂದು ಊಟ ಮಾಡಲಿಲ್ಲ.

ಆ ವಾರವಷ್ಟೇ ನಾನು ಕಾಲೇಜಿನ ಸೆಮಿನಾರಿನಲ್ಲಿ ಹರಾರೆಯ ಈಸ್ಟ್‌ಗೇಟ್ ಕಟ್ಟಡದ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲಿನ ಹುತ್ತ ನೋಡಿ ರೂಪಿಸಿದ, 1996ರಲ್ಲಿ ಮುಗಿದ ಕಟ್ಟಡವದು. ರಾತ್ರಿಯ ತಂಪು ಗಾಳಿ ದಪ್ಪ ಕಾಂಕ್ರೀಟನ್ನು ತಣಿಸುತ್ತದೆ, ಹಗಲಿನ ಬಿಸಿಗಾಳಿ ಚಿಮಣಿಗಳಿಂದ ಹೊರಹೋಗುತ್ತದೆ. ನಮ್ಮ ಹುಳುಮನೆಯ ಹಿಂದೆಯೇ ಹುತ್ತವಿದೆ. ನಾಗರಪಂಚಮಿಗೆ ಅಮ್ಮ ಹಾಲೆರೆಯುವ ಆ ಹುತ್ತವನ್ನು ಕಟ್ಟಡವೆಂದು ನಾನು ಒಮ್ಮೆಯೂ ನೋಡಿರಲಿಲ್ಲ!

ಮತ್ತೆ ಓದಿದಾಗ ಇನ್ನೊಂದು ವಿಷಯ ಸಿಕ್ಕಿತು. ಸ್ಕಾಟ್ ಟರ್ನರ್, ರೂಪರ್ಟ್ ಸೋರ್ 2008ರಲ್ಲಿ ಬರೆದ ಪ್ರಕಾರ ಹುತ್ತ ಚಿಮಣಿಗಿಂತ ಶ್ವಾಸಕೋಶದಂತೆ. ಗೂಡನ್ನು ತಂಪಾಗಿಡುವುದು ಸುತ್ತಲಿನ ಮಣ್ಣು. ಹುತ್ತದ ಕೆಲಸ ಕೆಟ್ಟ ಗಾಳಿ ಬದಲಿಸುವುದು. ಹುಳುಮನೆಗೂ ಬೇಕಾದ್ದು ಇವೆರಡೇ. ಒದ್ದೆ ಗೋಣಿ ಕಟ್ಟಿದರೆ ತಂಪೇನೋ ಬರುತ್ತದೆ, ಗಾಳಿಯಾಡದಿದ್ದರೆ ಆ ತೇವವೇ ರೋಗ ತರುತ್ತದೆ. ಊಜಿ ನೊಣಕ್ಕೆ ಹೆದರಿ ಕಿಟಕಿಗೆ ಬಲೆ ಹಾಕಲೇಬೇಕು, ಬಲೆ ಗಾಳಿಯನ್ನೂ ತಡೆಯುತ್ತದೆ.

ಹಾಗಾಗಿ ಗೋಡೆಯ ತುದಿಯಲ್ಲಿ, ಶೀಟಿನ ಕೆಳಗೆ, ಎರಡೂ ಕಡೆ ಉದ್ದಕ್ಕೂ ಕಿಂಡಿ ಬಿಡಿಸಿ ಅದಕ್ಕೂ ಬಲೆ ಹೊಡೆದೆವು. ಶೀಟಿನಿಂದ ಒಂದಡಿ ಮೇಲೆ ತೆಂಗಿನ ಗರಿಯ ಚಪ್ಪರ. 'ಇಂಜಿನಿಯರಿಂಗ್ ಓದಿ ಗರಿ ಹೊದಿಸೋದು ಕಲ್ತು ಬಂದ್ಯಾ? ನಿಮ್ಮ ತಾತ ಇದನ್ನೇ ಮಾಡ್ತಿದ್ದ' ಎಂದರು ಅಪ್ಪ. ಏಣಿ ಹಿಡಿದವರೂ ಅವರೇ.

ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಒಳಗೆ 29 ಡಿಗ್ರಿ. 24 ಅಲ್ಲ, ಒಪ್ಪುತ್ತೇನೆ. ದ್ವಿತಳಿ ಬಿಟ್ಟು ಸೆಕೆ ತಡೆಯುವ ಮಿಶ್ರತಳಿ ಸಾಕಿದ್ದೂ ಬೆಳೆ ಉಳಿಯಲು ಕಾರಣ. ಗೂಡು ಮಾರುಕಟ್ಟೆಗೆ ಹೋಯಿತು. ಹಳೆಯ ಸಾಲ ಪೂರ್ತಿ ತೀರಿಲ್ಲ.

ಹೊಸ ಹುಳುಮನೆಗೆ ನಕ್ಷೆ ಬರೆಯೆಂದು ಅಪ್ಪ ಕೇಳಿದ್ದಾರೆ. ನಾನು ಹೆಂಚು ಅನ್ನುತ್ತೇನೆ, ಅವರು ಖರ್ಚಿನ ಲೆಕ್ಕ ಹೇಳಿ ಶೀಟು ಅನ್ನುತ್ತಾರೆ. ಪಶ್ಚಿಮದ ಗೋಡೆಗೆ ನೆರಳಾಗಲೆಂದು ನೆಟ್ಟ ಮೂರು ಹೊಂಗೆ ಸಸಿಗಳು ಸದ್ಯಕ್ಕೆ ನನ್ನ ಮೊಣಕಾಲೆತ್ತರ ಇವೆ.