ಒಂದು ಅಡ್ಡಹೆಸರಿನ ಪಯಣ

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಹೆಸರಿನಲ್ಲಿರುವ 'ಅರಸು' ಎಂಬುದು ಬಿರುದಲ್ಲ; ಮೈಸೂರು ರಾಜಮನೆತನದೊಡನೆ ನಂಟುಳ್ಳ ಜನಾಂಗವೊಂದರ ಹೆಸರು. 'ದೊರೆ' ಎಂಬ ಅರ್ಥದ ಹೆಸರನ್ನು ಹೊತ್ತ ಮುಖ್ಯಮಂತ್ರಿಯೇ 1974ರ ಭೂಸುಧಾರಣೆಯಿಂದ ಉಳುವವನನ್ನು ಹೊಲದ ಒಡೆಯನನ್ನಾಗಿ ಮಾಡಿದ್ದು ಸೋಜಿಗವೇ ಸರಿ. ಉಳುವವನ ನೇಗಿಲಿಗೆ ತನ್ನ ಅಡ್ಡಹೆಸರನ್ನೇ ಕೊಟ್ಟ ಮತ್ತೊಂದು ಮನೆತನದ ಗುರುತು ನೆರೆಯ ಹರಿಹರದಲ್ಲಿದೆ. ಅದೇ ಕಿರ್ಲೋಸ್ಕರ.

ಕೊಂಕಣದ ಕಿರ್ಲೋಶಿ ಎಂಬ ಪುಟ್ಟ ಹಳ್ಳಿ ಈ ಹೆಸರಿನ ತವರು. ಊರಿನ ಹೆಸರಿಗೆ 'ಕರ' ಸೇರಿದರೆ ಮರಾಠಿಯಲ್ಲಿ ಆ ಊರಿನವನೆಂದು ಅರ್ಥ. ನಮ್ಮ ಉತ್ತರದ ಜಿಲ್ಲೆಗಳಲ್ಲಾದರೋ ಊರಿನ ಹೆಸರೇ ಬರಿದಾಗಿ ಅಡ್ಡಹೆಸರಾಗಿ ನಿಲ್ಲುವುದುಂಟು, ಬಾಲ ಬೇಕಿಲ್ಲ. ಈ ಮನೆತನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ನೆಲೆಸಿತು. ಮರಾಠಿ ಸಂಗೀತ ನಾಟಕಕ್ಕೆ ಹೊಸ ದಾರಿ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಅಲ್ಲಿಯೇ, 1843ರಲ್ಲಿ. ಹೀಗೆ ಕಿರ್ಲೋಸ್ಕರ ಎಂಬ ಹೆಸರು ಹೊಲಕ್ಕಿಳಿಯುವ ಮೊದಲೇ ರಂಗವನ್ನೇರಿತ್ತು.

1869ರಲ್ಲಿ ಅದೇ ಊರಿನಲ್ಲಿ ಜನಿಸಿದ ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಬಳಿಕ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ನೆಲ ವಿಷವಾಗುವುದೆಂದು ರೈತರಿಗೆ ಭಯ! ನೇಗಿಲುಗಳು ಎರಡು ವರ್ಷ ಮಾರಾಟವಾಗದೆ ಬಿದ್ದಿದ್ದವಂತೆ. ಪೀಳಿಗೆಗಳಿಂದ ಮರದ ನೇಗಿಲನ್ನೇ ನಂಬಿ ಬಾಳಿದವರ ಆ ಅಂಜಿಕೆಯನ್ನು ನಗೆಯಾಡುವುದು ಸುಲಭ. ಒಂದು ಬೆಳೆ ಕೆಟ್ಟರೆ ಉಪವಾಸ ಬೀಳುವವರು ಅವರೇ ತಾನೆ? 1910ರಲ್ಲಿ ಬೆಳಗಾವಿಯ ಜಾಗ ಕೈತಪ್ಪಿದಾಗ ಔಂಧ ಸಂಸ್ಥಾನದ ಅರಸರು ಬಂಜರು ಭೂಮಿ ಕೊಟ್ಟರು. ಅಲ್ಲಿ ಎದ್ದುನಿಂತ ಊರು ಕಿರ್ಲೋಸ್ಕರವಾಡಿ. ಊರಿನಿಂದ ಹುಟ್ಟಿದ ಹೆಸರು ಮತ್ತೆ ಊರಾಯಿತು.

ಇಂಥ ಪಯಣ ಹೊರನಾಡುಗಳಲ್ಲಿಯೂ ಉಂಟು. ಅಮೆರಿಕದ ನೌಕಾಧಿಕಾರಿ ಜಾನ್ ಡಾಲ್‌ಗ್ರೆನ್ (1809-1870) ರೂಪಿಸಿದ ಫಿರಂಗಿಗೆ ಅವನ ಅಡ್ಡಹೆಸರೇ ಅಂಟಿಕೊಂಡಿತು. ವರ್ಜೀನಿಯಾದಲ್ಲಿ ಡಾಲ್‌ಗ್ರೆನ್ ಎಂಬ ಊರೂ ಇದೆ. ಅಲ್ಲಿ ಫಿರಂಗಿ, ಇಲ್ಲಿ ನೇಗಿಲು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ತಯಾರಾದದ್ದು ಲೇತ್, ಎಂದರೆ ಯಂತ್ರಗಳ ಬಿಡಿಭಾಗಗಳನ್ನು ಕಡೆಯುವ ಯಂತ್ರ. ತುಂಗಭದ್ರೆಯ ದಡದ ಮನೆಗಳಲ್ಲಿ ಈ ಅಡ್ಡಹೆಸರು ವ್ಯಕ್ತಿಯನ್ನಲ್ಲ, ಉದ್ಯೋಗವನ್ನು ಸೂಚಿಸತೊಡಗಿತು. 'ಕಿರ್ಲೋಸ್ಕರದಲ್ಲಿದ್ದಾನೆ' ಎಂದರೆ ಹುಡುಗನಿಗೆ ತಿಂಗಳ ಸಂಬಳವುಂಟು ಎಂದೇ ಅರ್ಥ. ಆ ಕಾರ್ಖಾನೆ ಮುಚ್ಚಿದಾಗ ಸಂಬಳವೂ ನಿಂತಿತು. ಲೇತಿನ ಮುಂದೆ ಆಯುಷ್ಯ ಕಳೆದವರು ಹರಿಹರದಲ್ಲಿ ಇಂದಿಗೂ ತಮ್ಮನ್ನು ಆ ಹೆಸರಿನಿಂದಲೇ ಪರಿಚಯಿಸಿಕೊಳ್ಳುತ್ತಾರೆ: 'ನಾವು ಕಿರ್ಲೋಸ್ಕರದವರು.'