‘ಒಲ್ಲೆ’ ಎಂಬ ಕ್ರಿಯಾಪದದ ಅರ್ಥ ಮತ್ತು ವ್ಯಾಕರಣ

ಪ್ರಶ್ನೆ: ಸುರಪುರ, ಶಹಾಪುರ, ಯಾದಗಿರಿಗಳಲ್ಲಿ ಜನರು ‘ನಾ ಒಲ್ಲೆ’, ‘ಮಳಿ ಬರವಲ್ದು’ ಎನ್ನುವರು. ಇವೆರಡಕ್ಕೂ ಸಂಬಂಧವುಂಟೆ?

ಉತ್ತರ: ಉಂಟು, ಎರಡರಲ್ಲಿಯೂ ಇರುವುದು ‘ಒಲ್’ ಎಂಬ ಪ್ರಾಚೀನ ಧಾತುವೇ. ಒಲಿ, ಒಲವು ಎಂಬ ಮಧುರ ಶಬ್ದಗಳಿಗೆ ಬಂಧುವಾದ ಈ ಧಾತುವು ಮನಸ್ಸಿನ ಸಮ್ಮತಿಯನ್ನು ಸೂಚಿಸುವಂಥದಾದರೂ, ಇಂದು ಬಹುಮಟ್ಟಿಗೆ ನಿಷೇಧರೂಪದಲ್ಲಿಯೇ ಉಳಿದುಬಂದಿದೆ. ಕಾಲಸೂಚಕ ಪ್ರತ್ಯಯದ ನೆರವಿಲ್ಲದೆ ಪುರುಷವಾಚಕ ಪ್ರತ್ಯಯವು ಧಾತುವಿಗೇ ನೇರವಾಗಿ ಹತ್ತುವುದು ಹಳಗನ್ನಡದ ನಿಷೇಧಕ್ರಿಯೆಯ ಲಕ್ಷಣ; ಆದುದರಿಂದಲೇ ಒಲ್ಲೆನು, ಒಲ್ಲನು, ಒಲ್ಲಳು, ಒಲ್ಲದು, ಒಲ್ಲೆವು, ಒಲ್ಲರು ಎಂಬ ರೂಪಗಳು ಭೂತ, ವರ್ತಮಾನ, ಭವಿಷ್ಯತ್ತುಗಳೆಂಬ ಭೇದವನ್ನೆಣಿಸದೆ ಸಲ್ಲುತ್ತವೆ.

‘ಬರಲ್’ ಎಂಬ ರೂಪದೊಡನೆ ‘ಒಲ್ಲದು’ ಸೇರಿ ‘ಬರಲೊಲ್ಲದು’ ಎಂದಾಗಿ, ಆಡುಮಾತಿನಲ್ಲಿ ಸವೆದು ‘ಬರವಲ್ದು’ ಎನಿಸಿತು. ‘ಮಳೆ ಬರುವುದಿಲ್ಲ’ ಎಂಬುದು ಬರಿಯ ವಾರ್ತೆ. ‘ಬರವಲ್ದು’ ಎಂಬುದರಲ್ಲಾದರೋ, ಎಷ್ಟು ಹಾರೈಸಿದರೂ ಮಳೆ ಮನಸ್ಸು ಮಾಡದೆಂಬ ಆರ್ತಭಾವವು ಅಡಗಿದೆ. ‘ಹುಡುಗ ಉಣವಲ್ಲ’, ‘ಎತ್ತು ನೀರು ಕುಡಿಯವಲ್ದು’ ಎಂಬಲ್ಲಿಯೂ ಇದೇ ನ್ಯಾಯ.

ಸುರಪುರ ಸೀಮೆಯ ಮುದನೂರು ವಚನಕಾರ ದೇವರ ದಾಸಿಮಯ್ಯನ ಜನ್ಮಸ್ಥಳ. ವಚನಕಾರರ ವಾಣಿಯಲ್ಲಿ ಮೆರೆದ ‘ಒಲ್ಲೆ’ಯನ್ನು ಅಲ್ಲಿಯ ಒಕ್ಕಲಿಗರು ಇಂದಿಗೂ ನಿತ್ಯ ನುಡಿಯುತ್ತಿರುವಾಗ, ಅದನ್ನು ಗ್ರಾಮ್ಯವೆಂದು ಹಳಿಯುವುದು ಸರ್ವಥಾ ಅನುಚಿತ, ಶಾಲೆಯ ಮಕ್ಕಳು ಅದನ್ನು ನಿಸ್ಸಂಕೋಚವಾಗಿ ಆಡಲಿ, ಬರೆಯಲಿ.